ನೀರುಕಲ್ಲು: ಅಕ್ಕ ಹೇಳಿದ್ದು ಯಾವ ಭಾಷೆಯಲ್ಲಿ?

"ಅಮ್ಮನೇ ಕಲ್ಲು ಮಾರಿದ್ದು ಅಂತ ಪೊಲೀಸರಿಗೆ ಹೇಳಿದ್ದು ನೀವೇ ಅಲ್ವಾ ಶ್ರವಣ್?"

ಇನ್ನೊಂದು ದೋಸೆ ಹಾಕಲಾ ಎಂದು ಕೇಳುವಷ್ಟೇ ತಣ್ಣಗೆ ಸಬೀಹಾ ಕೇಳಿದಳು. ಶ್ರವಣನ ಕೈಯಲ್ಲಿದ್ದ ಸೌಟು ಸಾಂಬಾರಿನ ಪಾತ್ರೆಯಲ್ಲೇ ಉಳಿಯಿತು.

ಶ್ರವಣ್ ನನ್ನ ಅಕ್ಕನ ಮಗ. ಉಜಿರೆಯಲ್ಲಿ ಕಾಲೇಜು ಹುಡುಗರಿಗಾಗಿ ಹಾಸ್ಟೆಲು ನಡೆಸುತ್ತಾನೆ. ಹುಡುಗರೆಲ್ಲ ಕ್ಲಾಸಿಗೆ ಹೋದ ಹೊತ್ತು ನೋಡಿಯೇ ನಾವು ಅವನ ಅಡುಗೆಮನೆಗೆ ನುಗ್ಗಿದ್ದೆವು. ಸಬೀಹಾ ಬಂಟ್ವಾಳದ ಬಿ.ಸಿ.ರೋಡಿನವಳು. ಇನ್ಶೂರೆನ್ಸಿನವರಿಗಾಗಿ ಆಗದೇ ಇದ್ದ ಅಪಘಾತಗಳನ್ನು ಪತ್ತೆ ಮಾಡಿ ಮಾಡಿ ಬೇಜಾರಾಗಿ ಈಗ ಸ್ವಂತ ಪತ್ತೇದಾರಿಕೆಗೆ ಇಳಿದವಳು. ನಾನು ಶೇಖರ, ಪುಣೆಯ ಹೋಟೆಲು ಮುಚ್ಚಿ ಊರು ಸೇರಿದವನು. ಈ ಪ್ರಕರಣದಲ್ಲಿ ಅವಳ ಡ್ರೈವರೂ ನಾನೇ, ಕಕ್ಷಿದಾರನೂ ನಾನೇ, ಬೈಸಿಕೊಳ್ಳುವವನೂ ನಾನೇ.

ಬೆಳುವಾಯಿಯ ನಮ್ಮ ಬೈಲಿನಿಂದ, ಅಂದರೆ ಗುಡ್ಡದ ಬುಡದ ಗದ್ದೆ ಬಯಲಿನಿಂದ, ನೀರುಕಲ್ಲು ಕಾಣೆಯಾದ ಸಂಜೆಯೇ ಅಕ್ಕ ಕಾಂತಿ ಗದ್ದೆಯ ಬದುವಿನ ಕೆಳಗೆ ತಲೆ ಒಡೆದುಕೊಂಡು ಬಿದ್ದಿದ್ದಳು. ಆವತ್ತಿನಿಂದ ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಕಣ್ಣು ಬಿಡುತ್ತಾಳೆ, ಮುಚ್ಚುತ್ತಾಳೆ, ಮಾತಿಲ್ಲ. ಸೇರಿಸಿದ ದಿನ ನರ್ಸಿನ ಎದುರು ಒಂದೇ ಒಂದು ಮಾತು ಆಡಿದ್ದಳಂತೆ. ಬಾಕಿ ಇದ್ದದ್ದನ್ನೂ ಮಾರಿ ಉಣ್ಣಿ ಎಂದು.

ಆ ಮಾತೇ ಅವಳ ಕುತ್ತಿಗೆಗೆ ಬಂದಿತ್ತು. ಬಾಕಿ ಇದ್ದದ್ದನ್ನು ಮಾರಿ ಎಂದರೆ ಮೊದಲನೆಯದನ್ನು ಮಾರಿ ಆಗಿದೆ ಎಂದೇ ತಾನೇ ಅರ್ಥ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಊರಿನಲ್ಲೂ ಇದ್ದಾರೆ, ನಮ್ಮ ಊರಿನಲ್ಲಿ ತುಸು ಹೆಚ್ಚೇ ಇದ್ದಾರೆ. ಕಾಂತಕ್ಕನೇ ಕಲ್ಲನ್ನು ಯಾರಿಗೋ ಮಾರಿದಳಂತೆ ಎಂಬ ಸುದ್ದಿ ಬಸ್ಸಿಗಿಂತ ಮೊದಲು ಊರು ತಲುಪಿತು.

ನಾಳೆ ಬೆಳಿಗ್ಗೆ ಬೆಂಗಳೂರಿನಿಂದ ತಜ್ಞರ ಸಮಿತಿ ಬರುವುದಿತ್ತು. ನಮ್ಮ ಬೈಲನ್ನು ಪಾರಂಪರಿಕ ಭೂದೃಶ್ಯ ಎಂದು ಉಳಿಸಿಕೊಳ್ಳಬೇಕೋ ಬೇಡವೋ ಎಂದು ನೋಡಿ ಹೇಳುವವರು ಅವರು. ಭೂದೃಶ್ಯ ಎಂಬ ಶಬ್ದ ಮೊದಲು ಕಿವಿಗೆ ಬಿದ್ದಾಗ ನಾನು ಯಾವುದೋ ಹೊಸ ಯಕ್ಷಗಾನ ಪ್ರಸಂಗವಿರಬೇಕು ಎಂದುಕೊಂಡಿದ್ದೆ. ಅಕ್ಕ ನಕ್ಕು ಬಿಡಿಸಿ ಹೇಳಿದ್ದಳು. ಬಸದಿ ಹಳೆಯದಾದರೆ ಕೈ ಮುಗಿಯುತ್ತಾರೆ, ಗದ್ದೆ ಹಳೆಯದಾದರೆ ಮಣ್ಣು ತುಂಬಿಸಿ ಸೈಟು ಮಾಡುತ್ತಾರೆ. ಆದರೆ ಗುಡ್ಡದ ಮೇಲೆ ಮಳೆನೀರು ನಿಲ್ಲಿಸುವ ಮದಕ, ಅಲ್ಲಿಂದ ಇಳಿಯುವ ತೋಡು, ತೋಡಿಗೆ ಊರವರೆಲ್ಲ ಸೇರಿ ವರ್ಷ ವರ್ಷ ಹಾಕುವ ಮಣ್ಣಿನ ಅಡ್ಡಗಟ್ಟೆ, ನಮ್ಮ ಮಾತಿನಲ್ಲಿ ಕಟ್ಟ, ನಾಗಬನ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಗಳು, ಇಷ್ಟೂ ಸೇರಿ ಒಂದೇ ಕಟ್ಟಡ ಎಂಬುದು ಅವಳ ವಾದ. ಮೇಲೆ ಸೂರಿಲ್ಲದ ಕಟ್ಟಡ, ಅಷ್ಟೇ.

ಅದಕ್ಕೆ ಸಾಕ್ಷಿಯಾಗಿ ಇದ್ದದ್ದು ನೀರುಕಲ್ಲು. ಮದಕದ ನೀರು ಮೊದಲು ಯಾವ ಗದ್ದೆಗೆ, ನಂತರ ಯಾವುದಕ್ಕೆ ಎಂದು ಹಳೆಯ ಅಕ್ಷರಗಳಲ್ಲಿ ಕೊರೆದ ಸೊಂಟದೆತ್ತರದ ಕಲ್ಲು. ಇವತ್ತಿಗೂ ನೀರು ಅದೇ ಸರದಿಯಲ್ಲಿ ಹೋಗುತ್ತದೆ. ಕಲ್ಲು ಇದ್ದರೆ ಬೈಲು ಉಳಿಯುವ ಆಸೆ ಇತ್ತು. ಇಲ್ಲದಿದ್ದರೆ ಸಮಿತಿಗೆ ಕಾಣುವುದು ಬರೀ ಕೆಸರು, ಅಕ್ಕನಿಗೆ ಉಳಿಯುವುದು ಕಳ್ಳಿ ಎಂಬ ಹೆಸರು.

"ನಾನು ಏನೂ ಸೇರಿಸಿ ಹೇಳಲಿಲ್ಲ," ಎಂದ ಶ್ರವಣ್. "ನರ್ಸ್ ಹೇಳಿದ್ದನ್ನು ಹಾಗೆಯೇ ಹೇಳಿದ್ದೇನೆ."

ಯಾಕೆ ಹೇಳಬೇಕಿತ್ತು, ಬಾಯಿ ಮುಚ್ಚಿ ಕೂರಬಹುದಿತ್ತಲ್ಲ ಎಂದು ನಾನು ರೇಗಿದೆ. ಸಬೀಹಾ ನನ್ನ ಕಡೆ ಒಂದು ನೋಟ ಬಿಟ್ಟಳು. ನಾನು ಕೂತೆ.

ಅವಳು ಒಂದೊಂದಾಗಿ ಕೇಳುತ್ತಾ ಹೋದಳು, ಅವನು ತಡವರಿಸದೆ ಹೇಳುತ್ತಾ ಹೋದ. ಗದ್ದೆ ತುಂಬಿಸಿ ಲೇಔಟ್ ಮಾಡುವವರ ಜೊತೆ ಮಾತಾಡಿದ್ದು ಹೌದು. ಅಮ್ಮ ಬೈದದ್ದೂ ಹೌದು. ಕಲ್ಲು ಹೋದ ದಿನ ಊರಿನಲ್ಲೇ ಇದ್ದದ್ದು ಹೌದು, ಆದರೆ ಗದ್ದೆ ಕೆಲಸ ಮುಗಿಸಿ ಮಧ್ಯಾಹ್ನವೇ ಉಜಿರೆಗೆ ಹೊರಟಿದ್ದ. ಕಲ್ಲು ತಾನು ಮುಟ್ಟಿಲ್ಲ.

"ಅಮ್ಮನ ಮಾತು ಕೇಳಿ ನಿಮಗೆ ಎಂತ ಅನ್ನಿಸಿತು?"

ಶ್ರವಣ್ ನನ್ನನ್ನು ನೋಡಿದ. "ಸಂತೋಷ ಆಯ್ತು ಮಾವ. ಸುಳ್ಳು ಯಾಕೆ ಹೇಳುವುದು? ಕಡೆಗೂ ಮಾರಲಿಕ್ಕೆ ಒಪ್ಪಿದರಲ್ಲ ಅಂತ ಸಂತೋಷವೇ ಆಯ್ತು. ಕಳ್ಳಿ ಅಂತ ಜನ ಹೇಳ್ತಾರೆ ಅಂತ ಹೊಳೆದದ್ದು ಮತ್ತೆ."

ನನಗೆ ಅವನ ಕಪಾಳಕ್ಕೆ ಬಿಗಿಯಬೇಕೆನಿಸಿತು. ಇಷ್ಟು ನಿಜ ಹೇಳುವವನು ಉಳಿದದ್ದನ್ನೂ ನಿಜವೇ ಹೇಳಿರಬಹುದು ಎಂದೂ ಅನಿಸಿತು. ಎರಡೂ ಒಟ್ಟಿಗೇ ಅನಿಸಿದ್ದರಿಂದ ಕೈ ಎತ್ತಲಿಲ್ಲ.

"ಅಮ್ಮ ಎಂತ ಹೇಳಿದರು ಅಂತ ಇನ್ನೊಮ್ಮೆ ಹೇಳಿ," ಎಂದಳು ಸಬೀಹಾ.

"ಬಾಕಿ ಮಾರಿ ಉಣ್ಣಿ."

ಇಲ್ಲೊಂದು ವಿಷಯ ಹೇಳಬೇಕು. ಅಷ್ಟು ಹೊತ್ತು ನಾವು ಮೂವರೂ ಆಡುತ್ತಿದ್ದದ್ದು ತುಳು. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ. ಆ ಮೂರು ಶಬ್ದಗಳನ್ನು ಮಾತ್ರ ಶ್ರವಣ್ ಕನ್ನಡದಲ್ಲಿ ಹೇಳಿದ. ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಸಬೀಹಾ ಮಾತ್ರ ಟೀ ಲೋಟವನ್ನು ಕೆಳಗಿಟ್ಟಳು.

"ಅಮ್ಮ ನಿಮ್ಮ ಹತ್ತಿರ ಯಾವತ್ತಾದರೂ ಕನ್ನಡ ಮಾತಾಡಿದ್ದಾರಾ?"

"ಶಾಲೆಯ ಮೀಟಿಂಗಿಗೆ ಬಂದರೆ ಮಾತ್ರ."

"ಮತ್ತೆ ತಲೆಗೆ ಪೆಟ್ಟು ಬಿದ್ದು ಅರ್ಧ ಎಚ್ಚರ, ಅರ್ಧ ಮಂಪರಿನಲ್ಲಿ ಇರುವವರು ಕನ್ನಡ ಯಾಕೆ ಮಾತಾಡಿದರು? ನನಗೆ ನಿದ್ದೆಯಲ್ಲಿ ಸಿಟ್ಟು ಬಂದರೆ ನಮ್ಮ ಮನೆಮಾತು ಬ್ಯಾರಿಯಲ್ಲೇ ಬೈಯುವುದು."

ಶ್ರವಣ್ ಗ್ಯಾಸ್ ಆರಿಸಿದ. ನಾನೂ ಬರ್ತೇನೆ ಎಂದ. ಬೇಡ ಎನ್ನಲು ನನಗೆ ಕಾರಣ ಸಿಗಲಿಲ್ಲ.

ಗುರುವಾಯನಕೆರೆ ದಾಟಿ ಮೂಡುಬಿದಿರೆಯ ಆಸ್ಪತ್ರೆಗೆಂದು ವೇಣೂರಿನ ರಸ್ತೆ ಹಿಡಿದೆವು. ಹಿಂದಿನಿಂದ ಶ್ರವಣನ ಬೈಕು ಬರುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಆ ಮಾತನ್ನು ನರ್ಸು ಹೇಳಿದಳು, ಪೊಲೀಸರು ಬರೆದುಕೊಂಡರು, ಊರೆಲ್ಲ ಕೇಳಿತು, ಒಬ್ಬರಿಗೂ ಸಂಶಯ ಬರಲಿಲ್ಲ ಯಾಕೆ ಎಂದು ಕೇಳಿದೆ. ಅದಕ್ಕೆ ಅವಳು ಕೊಟ್ಟ ಉತ್ತರ ಸರಿಯಾಗಿಯೇ ಇತ್ತು. ಆಸ್ಪತ್ರೆ, ಠಾಣೆ, ಬ್ಯಾಂಕು ಎಂದ ಕೂಡಲೇ ನಾವು ಚಪ್ಪಲಿಯ ಜೊತೆ ತುಳುವನ್ನೂ ಹೊರಗೆ ಬಿಟ್ಟು ಒಳಗೆ ಹೋಗುತ್ತೇವೆ. ಒಳಗೆ ಮಲಗಿದವಳೂ ಹಾಗೆಯೇ ಮಾಡಿರುತ್ತಾಳೆ ಎಂದುಕೊಳ್ಳುತ್ತೇವೆ.

ನಾನೂ ಹಾಗೆಯೇ ಎಂದುಕೊಂಡಿದ್ದೆ. ಅಕ್ಕನ ಸ್ವಂತ ತಮ್ಮ.

ನರ್ಸು ಬಾಗಲಕೋಟೆ ಕಡೆಯ ಹುಡುಗಿ, ಮೂಡುಬಿದಿರೆಗೆ ಬಂದು ಹೆಚ್ಚು ಸಮಯವಾಗಿರಲಿಲ್ಲ. ನಮ್ಮನ್ನು ಕಂಡ ಕೂಡಲೇ ಮುಖ ಗಟ್ಟಿ ಮಾಡಿಕೊಂಡಳು. ಪೊಲೀಸರು ಎರಡು ಸಲ, ಊರಿನವರು ಹತ್ತು ಸಲ ಬಂದು ಅದನ್ನೇ ಕೇಳಿ ಹೋಗಿದ್ದರಂತೆ. "ನಾ ಯಾಕ ಸುಳ್ಳ ಹೇಳ್ಲಿರಿ? ಬಾಕಿದ್ದು ಮಾರಿ ಉಣ್ರಿ ಅಂತನ ಅಂದ್ರು ಅಕ್ಕಾರು."

ಅದು ಅರ್ಥ ಆಯಿತು, ಅರ್ಥ ಬೇಡ ಎಂದಳು ಸಬೀಹಾ. ಗಿಳಿಗೆ ಅರ್ಥ ಗೊತ್ತಿರುವುದಿಲ್ಲ, ಆದರೂ ಕೇಳಿದ್ದನ್ನು ಹೇಳುತ್ತದಲ್ಲ, ಹಾಗೆ ಹೇಳಬೇಕು ಎಂದು ವಿನಯದಿಂದಲೇ ಕೇಳಿಕೊಂಡಳು.

ಹುಡುಗಿ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ನಿಧಾನವಾಗಿ, ಅಕ್ಕನ ಎಳೆದ ದನಿಯಲ್ಲೇ ಹೇಳಿದಳು.

"ಬಾಕಿಮಾರ್ಡುಂಡು."

ನಾನು ಹತ್ತಿರದ ಬೆಂಚಿನ ಮೇಲೆ ಕೂತುಬಿಟ್ಟೆ. ಹಿಂದೆ ನಿಂತಿದ್ದ ಶ್ರವಣ್ ಏನಾಯ್ತು ಮಾವ ಎಂದು ಕೇಳುತ್ತಲೇ ಇದ್ದ. ಪಾಪ, ಅವನು ಬೆಳೆದದ್ದೆಲ್ಲ ಬೋರ್ಡಿಂಗ್ ಶಾಲೆಗಳಲ್ಲಿ. ಮನೆಯ ತುಳು ಬರುತ್ತದೆ, ಗದ್ದೆಯ ತುಳು ಅಷ್ಟಕ್ಕಷ್ಟೆ.

ಬಾಕಿಮಾರು ಎಂದರೆ ನಮ್ಮಲ್ಲಿ ಗುತ್ತು ಎಂಬ ಊರ ಯಜಮಾನಿಕೆಯ ಮನೆಯ ಬಾಗಿಲ ಎದುರಿಗೇ ಇರುವ ದೊಡ್ಡ ಗದ್ದೆ. ಮನೆಯ ಮಾನ ಅದು. ಅದಕ್ಕೆ ಬಾಕಿಗೂ ಸಂಬಂಧವಿಲ್ಲ, ಮಾರುವುದಕ್ಕೂ ಸಂಬಂಧವಿಲ್ಲ. ತುಳುವಿನಲ್ಲಿ ಬಾಕಿಮಾರ್‌ಡ್ ಎಂದರೆ ಬಾಕಿಮಾರಿನಲ್ಲಿ. ಉಂಡು ಎಂದರೆ ಉಂಟು, ಇದೆ.

ಬಾಕಿಮಾರ್‌ಡ್ ಉಂಡು. ಬಾಕಿಮಾರು ಗದ್ದೆಯಲ್ಲಿ ಇದೆ.

ಅಕ್ಕ ಹೇಳಿದ್ದು ಅಷ್ಟೇ. ಕಲ್ಲು ಎಲ್ಲಿದೆ ಎಂದು ಹೇಳಿದ್ದಳು. ಕನ್ನಡದ ಕಿವಿಗೆ ಅದು ಬಾಕಿ ಮಾರಿ ಉಂಡು ಎಂದು ಬಿತ್ತು. ಆ ಹುಡುಗಿ ಮರ್ಯಾದೆಗೆ ಒಂದು ಬಹುವಚನ ಸೇರಿಸಿ ಉಣ್ಣಿ ಮಾಡಿದಳು. ನಾವೆಲ್ಲ ಸೇರಿ ಅಕ್ಕನನ್ನು ಕಳ್ಳಿ ಮಾಡಿದೆವು.

"ಹಂಗಾರ ನಾ ತಪ್ಪ ಹೇಳಿದ್ನೇನ್ರಿ ಅಣ್ಣಾರ?" ಹುಡುಗಿಯ ಕಣ್ಣಲ್ಲಿ ನೀರು ಬಂದಿತ್ತು.

"ನೀವು ಸರಿಯಾಗಿಯೇ ಕೇಳಿದ್ದೀರಿ ಸಿಸ್ಟರ್. ಸರಿಯಾಗಿ ಕೇಳದೇ ಇದ್ದದ್ದು ನಾವು," ಎಂದೆ. ಅಕ್ಕ ಎಚ್ಚರವಾದರೆ ಒಂದು ಫೋನ್ ಮಾಡಿ ಎಂದು ನಂಬರು ಕೊಟ್ಟು ಹೊರಗೆ ಓಡಿದೆ. ಈ ವಯಸ್ಸಿನಲ್ಲಿ ಆಸ್ಪತ್ರೆಯ ಮೆಟ್ಟಿಲನ್ನು ಎರಡೆರಡಾಗಿ ಇಳಿಯುವುದನ್ನು ಕಂಡು ವಾಚ್‌ಮನ್ ಎದ್ದು ನಿಂತ.

ಬೆಳುವಾಯಿ ತಲುಪುವಾಗ ಬಿಸಿಲು ಬೈಲಿನ ತುಂಬ ಬಿದ್ದಿತ್ತು. ಸುಗ್ಗಿ ಎನ್ನುವ ಎರಡನೇ ಬೆಳೆಗೆ ಎಲ್ಲ ಗದ್ದೆಗಳೂ ನಾಟಿಯಾಗಿ ಹಸಿರಾಗಿದ್ದವು. ಬಾಕಿಮಾರು ಒಂದೇ ಕೆಸರು ನೀರು ನಿಲ್ಲಿಸಿಕೊಂಡು ಬರಿದಾಗಿ ಮಲಗಿತ್ತು. ಎಲ್ಲ ಗದ್ದೆ ಮುಗಿದ ಮೇಲೆಯೇ ಬಾಕಿಮಾರಿನಲ್ಲಿ ಭತ್ತದ ನೇಜಿ ನೆಡುವುದು ನಮ್ಮ ಮನೆಯ ಕ್ರಮ. ಉತ್ತು ಹದ ಮಾಡಿಟ್ಟ ಮೇಲೆ ನೆಡುವ ದಿನದ ತನಕ ಅದಕ್ಕೆ ಯಾರೂ ಕಾಲಿಡಬಾರದು. ಅಕ್ಕ ಆಸ್ಪತ್ರೆಯಲ್ಲಿ, ಹಾಗಾಗಿ ನೆಡುವ ದಿನವೇ ಬಂದಿರಲಿಲ್ಲ. ಪೊಲೀಸರು ಬಾವಿ ನೋಡಿದ್ದರು, ತೋಟ ನೋಡಿದ್ದರು, ಅಟ್ಟ ನೋಡಿದ್ದರು. ಬಾಕಿಮಾರಿಗೆ ಇಳಿಯುವುದು ಬೇಡ ಎಂದು ತಡೆದವನು ನಾನೇ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಎನ್ನುತ್ತಾರಲ್ಲ, ನಾನು ಬೆಣ್ಣೆಯನ್ನು ಕಾವಲೂ ಕಾದಿದ್ದೆ.

ಸುದ್ದಿ ಹೇಗೆ ಮುಟ್ಟಿತೋ, ನೋಣಯ್ಯ ಹಾರೆ, ಹಗ್ಗ ಹಿಡಿದು ಬದುವಿನ ಮೇಲೆ ತಯಾರಾಗಿ ನಿಂತಿದ್ದ. ಬೈಲಿನ ಅರ್ಧ ಗದ್ದೆ ಉಳುವುದು ಅವನ ಟಿಲ್ಲರೇ. ಬಾಕಿಮಾರನ್ನು ಉತ್ತದ್ದೂ ಅವನು, ಹಲಗೆ ಎಳೆದು ಸಮ ಮಾಡಿದ್ದು ರಜೆಗೆ ಬಂದಿದ್ದ ಶ್ರವಣ್. ಬಿದ್ದಿದ್ದ ಅಕ್ಕನನ್ನು ಕಂಡು ಆಟೋದಲ್ಲಿ ಹಾಕಿಕೊಂಡು ಹೋದವನೂ ನೋಣಯ್ಯನೇ. ಅವನ ಋಣ ತೀರಿಸುವುದು ಹೇಗೆ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಅಷ್ಟು ದೊಡ್ಡ ಗದ್ದೆಯಲ್ಲಿ ಎಲ್ಲಿ ಹುಡುಕುವುದು ಎಂದು ನಾವು ಗಂಡಸರು ಚರ್ಚೆಗೆ ಕೂತೆವು. ಶ್ರವಣ್ ಮೂಲೆಯಿಂದ ಶುರು ಮಾಡುವ ಎಂದ, ನೋಣಯ್ಯ ನೀರು ಬಿಟ್ಟು ಖಾಲಿ ಮಾಡುವ ಎಂದ. ಸಬೀಹಾ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಬೆಳ್ಳಕ್ಕಿಗಳನ್ನು ನೋಡುತ್ತಿದ್ದಳು. ಪತ್ತೇದಾರಿಕೆ ಬಿಟ್ಟು ಪಕ್ಷಿವೀಕ್ಷಣೆ ಶುರುವಾಯಿತಾ ಎಂದು ಕೇಳಿದೆ.

"ಶೇಖರಣ್ಣ, ಎಲ್ಲ ಹಕ್ಕಿಗಳಿಗೂ ಮೊಣಕಾಲಿನ ತನಕ ನೀರು ಉಂಟು. ಆ ಒಂದಕ್ಕೆ ಮಾತ್ರ ಪಾದ ಮುಳುಗಲಿಲ್ಲ. ಯಾಕೆ?"

ದೈವದ ಹೆಸರು ಹೇಳಿ ನಾನೇ ಮೊದಲು ಇಳಿದೆ. ತೊಡೆಯ ತನಕ ಕೆಸರು. ಹಕ್ಕಿ ಹಾರಿದ ಜಾಗದಲ್ಲಿ ಹಾರೆ ಊರಿದರೆ ಠಣ್ ಎಂದಿತು.

ಮತ್ತೆ ನಾವು ಮಾಡಿದ್ದನ್ನು ಕೆಲಸ ಎನ್ನುವ ಹಾಗಿಲ್ಲ. ಮಕ್ಕಳ ಹಾಗೆ ಕೈಯಿಂದ ಕೆಸರು ಬಾಚಿದೆವು. ಶ್ರವಣ್ ಅಂಗಿ ಕಳಚಿ ಬಿಸಾಡಿ ಎಲ್ಲರಿಗಿಂತ ಜೋರಾಗಿ ಬಾಚಿದ. ನೋಣಯ್ಯ ಹಗ್ಗ ಸಿಕ್ಕಿಸಿದ. ಕಲ್ಲು ಮಗ್ಗುಲಾಗಿ ಎದ್ದು ಕೂತಿತು. ಕೆಳಗೆ ಅಡಿಕೆ ಹಾಳೆ ಹಾಸಿ ಮುಖ ಅಡಿ ಮಾಡಿ ಮಲಗಿಸಿದ್ದರಿಂದ ಒಂದು ಅಕ್ಷರವೂ ಮುಕ್ಕಾಗಿರಲಿಲ್ಲ. ನಾನು ನೀರು ಚಿಮುಕಿಸಿ ಬೆರಳಿನಿಂದ ಅಕ್ಷರಗಳ ಸಂದಿನ ಕೆಸರು ತೆಗೆಯುತ್ತಾ ಅತ್ತೆ. ಮುಚ್ಚುಮರೆ ಯಾಕೆ, ಬಿಕ್ಕಿ ಬಿಕ್ಕಿ ಅತ್ತೆ. ಇಷ್ಟು ದಿನ ನನಗೆ ಅನ್ನ ಸೇರುತ್ತಿರಲಿಲ್ಲ. ಅಕ್ಕ ಉಳಿದಳು, ಅಕ್ಕನ ಹೆಸರು ಉಳಿಯಿತು, ನಾಳೆ ಬೈಲೂ ಉಳಿಯುತ್ತದೆ ಎಂದು ಎದೆ ಹಗುರಾಗಿ ಹೋಯಿತು.

ಅರ್ಧ ಗಂಟೆಯಲ್ಲಿ ಬದುವಿನ ಮೇಲೆ ಜಾತ್ರೆಯಷ್ಟು ಜನ. ಕಾಂತಕ್ಕನ ಮೇಲೆ ತನಗೆ ಯಾವತ್ತೂ ಸಂಶಯ ಇರಲಿಲ್ಲ ಎಂದು ಪ್ರತಿಯೊಬ್ಬರೂ ನನ್ನ ಹತ್ತಿರ ಬಂದು ಹೇಳಿ ಹೋದರು. ಮೊನ್ನೆ ತನಕ ನನ್ನನ್ನು ಕಂಡರೆ ಆಚೆ ಬದಿಗೆ ದಾಟುತ್ತಿದ್ದ ನೆರೆಮನೆಯ ಸೇಸಮ್ಮ ಬೆಲ್ಲ, ನೀರು ತಂದು ಕೊಟ್ಟಳು. ನಾನು ಕುಡಿದೆ. ಸಿಟ್ಟು ಮಾಡುವಷ್ಟು ಜಾಗ ಹೊಟ್ಟೆಯಲ್ಲಿ ಇರಲಿಲ್ಲ.

ಕಳ್ಳರ ಸುಳಿವು ಸಿಕ್ಕಿ ಅಕ್ಕ ಕಲ್ಲನ್ನು ತಾನೇ ಅಡಗಿಸಿಟ್ಟಿರಬೇಕು, ಬರುವಾಗ ಬದುವಿನಲ್ಲಿ ಕಾಲು ಜಾರಿರಬೇಕು. ಎಲ್ಲರೂ ಹಾಗೆಯೇ ಹೇಳಿದರು, ನನಗೂ ಅದೇ ಸರಿ ಎನಿಸಿತು. ಸಬೀಹಾ ಮಾತ್ರ ತೋಡಿನಲ್ಲಿ ಕಾಲು ತೊಳೆಯುತ್ತಾ ಏನನ್ನೋ ಲೆಕ್ಕ ಹಾಕುತ್ತಿದ್ದಳು. ಎಪ್ಪತ್ತರ ಹತ್ತಿರದ ಹೆಂಗಸು ಇಷ್ಟು ದೊಡ್ಡ ಕಲ್ಲನ್ನು ಬದುವಿನಿಂದ ಉರುಳಿಸಿ ತಂದದ್ದು ಹೇಗೆ ಎಂದು ಕೇಳಿದಳು. ಅಕ್ಕ ಮನಸ್ಸು ಮಾಡಿದರೆ ಗುಡ್ಡವನ್ನೇ ಉರುಳಿಸುತ್ತಾಳೆ, ಇವತ್ತೊಂದು ದಿನ ನಮ್ಮನ್ನು ಖುಷಿಯಾಗಿರಲು ಬಿಡು ಎಂದೆ. ಅವಳು ನಗಲಿಲ್ಲ.

ಫೋನು ಬಂದದ್ದು ಆಗ. ನರ್ಸು.

"ಅಣ್ಣಾರ, ಅಕ್ಕಾರಿಗೆ ಚೊಲೊ ಎಚ್ಚರ ಆಗೇತ್ರಿ, ಮಾತಾಡಾಕತ್ತಾರ. ಈ ಸಲ ನಾ ಏನೂ ಹೇಳಂಗಿಲ್ಲ. ನೀವ ಕೇಳ್ರಿ."

ಫೋನನ್ನು ಅಕ್ಕನ ಕಿವಿಗೆ ಹಿಡಿದಿರಬೇಕು. ಮೊದಲು ಉಸಿರು ಕೇಳಿತು. ಆಮೇಲೆ ತೀರ ಸಣ್ಣ ದನಿ. "ಶೇಖರನಾ?"

ಜನರಿಂದ ದೂರ ಹೋಗಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಕಲ್ಲು ಸಿಕ್ಕಿತು, ಅಕ್ಷರ ಸರಿ ಉಂಟು, ನಾಳೆ ಸಮಿತಿ ಬರುತ್ತದೆ, ನೀನು ಎಂಥ ಜಾಗ ನೋಡಿ ಹುಗಿದಿದ್ದೆ ಮಾರಾಯ್ತಿ ಎಂದು ನಕ್ಕೆ.

"ಹುಗಿದದ್ದು ನಾನಲ್ಲ," ಎಂದಳು ಅಕ್ಕ. "ಹುಗಿಯುವುದನ್ನು ನೋಡಿದೆ. ನೋಡಿದ್ದಕ್ಕೇ ನನ್ನನ್ನು ದೂಡಿದ್ದು."

ನನ್ನ ನಗು ಬಾಯಲ್ಲೇ ಉಳಿಯಿತು. ಯಾರು ಎಂದು ಕೇಳುವ ಮೊದಲು ಅವಳೇ ಕೇಳಿದಳು, ಗದ್ದೆಯಲ್ಲಿ ಈಗ ಯಾರೆಲ್ಲ ಇದ್ದಾರೆ ಎಂದು. ಕಲ್ಲಿನ ಹತ್ತಿರ ಶ್ರವಣ್ ಮತ್ತು ನೋಣಯ್ಯ, ಉಳಿದವರೆಲ್ಲ ಬದುವಿನ ಮೇಲೆ ಎಂದೆ.



"ಅವನ ಕೈಗೆ ಕಲ್ಲು ಕೊಡಬೇಡ ಶೇಖರ."

ಯಾರ ಕೈಗೆ ಎಂದೆ. ಆಚೆಯಿಂದ ನರ್ಸಿನ ದನಿ ಬಂತು. ಅಕ್ಕಾರಿಗೆ ಸುಸ್ತಾಗಿದೆ, ಡಾಕ್ಟರು ಬಂದರು, ಆಮೇಲೆ ಮಾಡಿ ಎಂದು ಅವಳು ಇಟ್ಟೇಬಿಟ್ಟಳು.

ಅಕ್ಕ ಹೊರಗಿನವರಿಗೆಲ್ಲ ಅವರು, ಇವರು ಎಂದು ಬಹುವಚನ ಕೊಡುವವಳು. ಅವಳ ಬಾಯಲ್ಲಿ ಅವನು ಎನಿಸಿಕೊಳ್ಳುವವರು ಊರಿನಲ್ಲಿ ಬೆರಳೆಣಿಕೆಯ ಜನ. ಒಬ್ಬ ಅವಳು ಹೆತ್ತ ಮಗ. ಇನ್ನೊಬ್ಬ ಸಣ್ಣದರಿಂದ ನಮ್ಮ ಅಂಗಳದಲ್ಲೇ ಆಡಿ ಬೆಳೆದ ನೋಣಯ್ಯ.

ತಿರುಗಿ ನೋಡಿದೆ. ಕೆಸರಿನಲ್ಲಿ ಅವರಿಬ್ಬರೂ ಕಲ್ಲಿನ ಒಂದೊಂದು ತುದಿ ಹಿಡಿದು ಎತ್ತಿ ಆಗಿತ್ತು. ಇಬ್ಬರ ಮುಖದಲ್ಲೂ ಬೆವರು, ನಗು.

"ಮಾವ, ನಾಳೆ ತನಕ ನನ್ನ ಕೋಣೆಯಲ್ಲೇ ಇಡುವ, ನಾನು ನೋಡಿಕೊಳ್ತೇನೆ," ಎಂದ ಶ್ರವಣ್.

"ಬೇಡ ಶೇಖರಣ್ಣ, ನಮ್ಮಲ್ಲಿ ಇರಲಿ. ನಮ್ಮಲ್ಲಿ ನಾಯಿ ಉಂಟು," ಎಂದ ನೋಣಯ್ಯ.

ಇಬ್ಬರೂ ಕಲ್ಲು ಹಿಡಿದುಕೊಂಡೇ ನನ್ನ ಉತ್ತರಕ್ಕೆ ಕಾಯುತ್ತಿದ್ದರು.